ಮೂವತ್ತೊಂದು ಅಂಗುಲದ ಪ್ರಯಾಣ

ಹೊರಡುವುದಕ್ಕೆ ಇನ್ನು ಹನ್ನೆರಡು ದಿನ ಇದೆ ಎನ್ನುವಾಗ ವಿಮಾನ ಸಂಸ್ಥೆಯಿಂದ ಒಂದು ಇ-ಮೇಲ್ ಬಂತು. ನಿಮ್ಮ ಪ್ರಯಾಣವನ್ನು ಇನ್ನಷ್ಟು ಸುಖಕರವಾಗಿ ಮಾಡಿಕೊಳ್ಳಬಾರದೇಕೆ ಎಂಬ ಅರ್ಥದ ವಿನಯಪೂರ್ವಕ ಪ್ರಶ್ನೆ. ಅದರ ಕೆಳಗೆ ಅಗಲವಾದ ಕುರ್ಚಿಯಲ್ಲಿ ಕಾಲು ಚಾಚಿ ನಗುತ್ತಿರುವ ಹೆಂಗಸೊಬ್ಬಳ ಚಿತ್ರ. ಚಿತ್ರದ ಕೆಳಗೆ ಬೆಲೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ವರೆಗೆ ಮಾತ್ರ, ‘ಪ್ರೀಮಿಯಂ ಎಕಾನಮಿ’ಗೆ ಒಬ್ಬರಿಗೆ 38,000 ರೂಪಾಯಿ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬೇಕಾದರೆ ಅದಕ್ಕೆ ಬೇರೆ ಲೆಕ್ಕ.

ನಾನು ಶಿವಮೊಗ್ಗದಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮಗನ ಓದಿಗಾಗಿ ಮಾಡಿದ ಸಾಲದ ಕಂತು ತಿಂಗಳಿಗೆ 36,000 ರೂಪಾಯಿ. ಅಂದರೆ ಹತ್ತು ಗಂಟೆ ಕಾಲು ಚಾಚಿ ಕೂರುವುದಕ್ಕೆ ಒಂದು ತಿಂಗಳ ಕಂತು, ಅದೂ ಒಬ್ಬರಿಗೆ. ಇ-ಮೇಲ್ ಮುಚ್ಚಿಟ್ಟೆ. ಆದರೆ ಮನಸ್ಸಿನಿಂದ ಮುಚ್ಚಲಾಗಲಿಲ್ಲ. ಕಾರಣ ನನ್ನ ಹೆಂಡತಿಯ ಮೊಣಕಾಲು. ಅವಳಿಗೆ ಅರವತ್ತು. ದೇವಸ್ಥಾನದ ನಾಲ್ಕು ಮೆಟ್ಟಿಲು ಹತ್ತಬೇಕಾದರೆ ಗೋಡೆ ಹಿಡಿಯುತ್ತಾಳೆ. ‘ನೋವಾ?’ ಎಂದರೆ ‘ಏನೂ ಇಲ್ಲ’ ಎನ್ನುತ್ತಾಳೆ. ಆ ‘ಏನೂ ಇಲ್ಲ’ದ ಅರ್ಥ ತಿಳಿಯುವಷ್ಟು ವರ್ಷ ಸಂಸಾರ ಮಾಡಿದ್ದೇನೆ.

ನಾವು ಹೊರಟಿದ್ದು 2024ರ ಮೇ ತಿಂಗಳಿನಲ್ಲಿ, ಮಗನ ಎಂ.ಎಸ್. ಪದವಿ ಪ್ರದಾನ ಸಮಾರಂಭಕ್ಕೆ. ಹೀಗೆ ಮಕ್ಕಳ ‘ಕನ್ವೊಕೇಷನ್’ ನೋಡಲು ಮೊದಲ ಬಾರಿಗೆ ವಿಮಾನ ಹತ್ತುವ ತಂದೆತಾಯಿಗಳು ಈಗ ನಮ್ಮ ಜಿಲ್ಲೆಗಳಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಎಲ್ಲರಿಗೂ ಇಂಥದೇ ಇ-ಮೇಲ್ ಬಂದಿರುತ್ತದೆ. ಎಲ್ಲರ ಮನೆಯಲ್ಲೂ ಇದೇ ಜಗಳ ನಡೆದಿರುತ್ತದೆ ಎಂದು ನನ್ನ ಊಹೆ.

ನಮ್ಮಲ್ಲಿ ಜಗಳ ಮೂರು ಮೂಲೆಯದು. ಮಗ ಫೋನಿನಲ್ಲಿ ‘ಅಪ್ಪ, ಅಮ್ಮನ ಕಾಲು ನೋಡು. ದುಡ್ಡು ನಾನು ಕಟ್ತೀನಿ’ ಎಂದ. ಕಟ್ಟುವುದಕ್ಕೆ ಅವನ ಹತ್ತಿರ ಏನಿತ್ತು? ಇನ್ನೂ ಕೆಲಸ ಸಿಕ್ಕಿರಲಿಲ್ಲ. ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ತಮ್ಮ ವಿಷಯದಲ್ಲಿ ಒಂದು ವರ್ಷ ಕೆಲಸ ಮಾಡಲು ಅಮೆರಿಕ ಅವಕಾಶ ಕೊಡುತ್ತಿತ್ತು. ವಿಜ್ಞಾನ, ತಂತ್ರಜ್ಞಾನ ಓದಿದವರು ಇನ್ನೆರಡು ವರ್ಷ ವಿಸ್ತರಣೆ ಕೇಳಬಹುದಿತ್ತು. ಆದರೆ ಆ ಮೊದಲ ವರ್ಷ ಆರಂಭವಾದ ದಿನದಿಂದ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ ಎಂಬುದು ನಿಯಮ. ತೊಂಬತ್ತು ದಿನದ ಬಾಡಿಗೆ, ಊಟ, ಬಸ್ಸಿನ ಖರ್ಚಿಗೆಂದು ಅವನು ಕೂಡಿಟ್ಟುಕೊಂಡಿದ್ದ ಗಂಟಿನಿಂದ ನಾವು ಕುರ್ಚಿ ಕೊಳ್ಳುವುದೇ? ‘ಬೇಡ’ ಎಂದೆ. ‘ಹಾಗಾದರೆ ನೀನು ಕಟ್ಟು’ ಎಂದ. ಅಷ್ಟರಲ್ಲಿ ಅಡುಗೆಮನೆಯಿಂದ ಅವಳ ದನಿ ಬಂತು: ‘ರೀ, ಯಾರೂ ಕಟ್ಟಬೇಡಿ. ನಾನೇನು ನಡೆದುಕೊಂಡು ಹೋಗ್ತೀನಾ? ಕೂತುಕೊಂಡೇ ತಾನೇ ಹೋಗೋದು!’

ಕೂರುವ ವಿಚಾರದಲ್ಲಿ ನಮ್ಮ ತಲೆಮಾರಿನವರಿಗೆ ಒಂದು ಹಳೆಯ ತರಬೇತಿ ಇದೆ. ಬಸ್ಸು ನಿಲ್ದಾಣಕ್ಕೆ ಕೆಂಪು ಬಸ್ಸು ಬರುತ್ತಿದ್ದಂತೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು ನಾವು. ಟವೆಲ್ ಬಿದ್ದ ಜಾಗಕ್ಕೆ ಕಾನೂನಿನ ಬಲ ಇಲ್ಲದಿದ್ದರೂ ಸಮಾಜದ ಮನ್ನಣೆ ಇತ್ತು. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಅದರ ವಿಮಾನಗಳಲ್ಲೂ ಸೀಟಿನ ಸಂಖ್ಯೆ ಇರಲಿಲ್ಲ, ಮೊದಲು ಹತ್ತಿದವರಿಗೆ ಮೊದಲ ಆಯ್ಕೆ. ಟವೆಲ್ ಎಸೆಯಲು ಕಿಟಕಿ ತೆರೆಯುತ್ತಿರಲಿಲ್ಲ ಎಂಬುದೊಂದೇ ವ್ಯತ್ಯಾಸ. ಈಗ ಆ ಟವೆಲಿಗೆ ಬೆಲೆ ಕಟ್ಟಿದ್ದಾರೆ. ಕಿಟಕಿ ಪಕ್ಕಕ್ಕೆ ಇಷ್ಟು, ಮುಂದಿನ ಸಾಲಿಗೆ ಇಷ್ಟು, ಕಾಲು ಚಾಚಲು ಇಷ್ಟು.

ಈ ಮೇಲು ಕೀಳಿನ ವಿಂಗಡಣೆ ವಿಮಾನದಷ್ಟು ಹಳೆಯದೇನಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ಅಂತರರಾಷ್ಟ್ರೀಯ ವಿಮಾನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಾಗ ಅದರಲ್ಲಿದ್ದವರು 35 ಮಂದಿ ಪ್ರಯಾಣಿಕರು. ವಿಮಾನ ಹತ್ತುವುದೇ ಆಗ ದೊಡ್ಡವರ ವಿಷಯವಾಗಿತ್ತು. ಅಟ್ಲಾಂಟಿಕ್ ಮೇಲಿನ ಹಾರಾಟಗಳಲ್ಲಿ 1952ರಲ್ಲಿ ‘ಟೂರಿಸ್ಟ್’ ದರ್ಜೆ ಬಂತು. 1958ರಲ್ಲಿ ಅದಕ್ಕಿಂತ ಅಗ್ಗದ ‘ಎಕಾನಮಿ’ ಬಂತು. ನಮ್ಮಂಥವರು ಆಕಾಶ ಕಂಡದ್ದು ಈ ಎಕಾನಮಿಯ ಪುಣ್ಯದಿಂದಲೇ, ಅದನ್ನು ಬೈಯುವಾಗ ಇದು ನೆನಪಿರಬೇಕು. ಮುಂದೆ 1990ರ ದಶಕದ ಆರಂಭದಲ್ಲಿ ತೈವಾನಿನ ಇವಾ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಗಳು ನಡುವಿನ ದರ್ಜೆಯೊಂದನ್ನು ಹುಟ್ಟುಹಾಕಿದವು. ಬಿಸಿನೆಸ್ ದರ್ಜೆಯಷ್ಟು ದುಬಾರಿಯಲ್ಲ, ಎಕಾನಮಿಯಷ್ಟು ಇಕ್ಕಟ್ಟೂ ಅಲ್ಲ. ನನಗೆ ಬಂದ ಇ-ಮೇಲ್ ಆ ವಂಶದ್ದು.

ಹಣ ಕೊಟ್ಟರೆ ಸಿಗುವುದೇನು ಎಂದು ಮೇಷ್ಟ್ರ ಬುದ್ಧಿಯಿಂದ ಲೆಕ್ಕ ಹಾಕಿದೆ. ವಿಮಾನದ ಸೀಟುಗಳ ವಿಚಾರದಲ್ಲಿ ‘ಪಿಚ್’ ಎಂಬ ಮಾತು ಬರುತ್ತದೆ. ಅನೇಕರು ಅದನ್ನು ಕಾಲಿಡುವ ಜಾಗ ಎಂದು ತಿಳಿದಿದ್ದಾರೆ. ಅಲ್ಲ. ನನ್ನ ವಿದ್ಯಾರ್ಥಿಗಳಿಗಾದರೆ ತರಂಗಾಂತರ ಎಂದು ಹೇಳಿಬಿಡುತ್ತಿದ್ದೆ. ಅಲೆಯ ಒಂದು ಶೃಂಗದಿಂದ ಮುಂದಿನ ಶೃಂಗಕ್ಕೆ ಅಳೆದ ಹಾಗೆ, ನಮ್ಮ ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರ. ಬೆನ್ನಿನ ದಿಂಬಿನ ದಪ್ಪವೂ ಅದರೊಳಗೇ ಸೇರಿತು. ಎಕಾನಮಿಯಲ್ಲಿ ಇದು ಸಾಮಾನ್ಯವಾಗಿ 31ರಿಂದ 32 ಅಂಗುಲ. ಪ್ರೀಮಿಯಂ ಎಕಾನಮಿಯಲ್ಲಿ ಸುಮಾರು 38. ಬಿಸಿನೆಸ್ ದರ್ಜೆಯಲ್ಲಾದರೆ ಈಗ ಬಹುತೇಕ ದೂರದ ವಿಮಾನಗಳಲ್ಲಿ ಸೀಟೇ ಹಾಸಿಗೆಯಾಗುತ್ತದೆ. ಅಂದರೆ ನನಗೆ ಮಾರಲು ಬಂದದ್ದು ಆರೇಳು ಅಂಗುಲ ಜಾಗ, ತುಸು ಅಗಲ, ತುಸು ಹೆಚ್ಚು ಹಿಂದಕ್ಕೆ ಬಾಗುವ ಬೆನ್ನು. ಹಾಸಿಗೆಯಲ್ಲ. ಅಂಗುಲಕ್ಕೆ ಐದು ಸಾವಿರಕ್ಕೂ ಮಿಕ್ಕಿ ಬೀಳುತ್ತದೆ. ಶಿವಮೊಗ್ಗದಲ್ಲಿ ನಿವೇಶನ ಕೊಳ್ಳುವಾಗಲೂ ನಾನು ಅಂಗುಲದ ಲೆಕ್ಕ ಹಾಕಿರಲಿಲ್ಲ.

ಇನ್ನು ಸೀಟಿನ ಅಗಲ. ಒಂದೇ ಹೆಸರಿನ ವಿಮಾನವಾದರೂ ಸಂಸ್ಥೆ ಬದಲಾದರೆ ಒಳಗಿನ ಜೋಡಣೆ ಬದಲಾಗುತ್ತದೆ. ಬೋಯಿಂಗ್ 777ರಲ್ಲಿ ಮೊದಲು ಬಹುಪಾಲು ಸಂಸ್ಥೆಗಳು ಒಂದು ಸಾಲಿಗೆ ಒಂಬತ್ತು ಸೀಟು ಹಾಕುತ್ತಿದ್ದವು. ಆಮೇಲೆ ಅದೇ ಅಗಲದಲ್ಲಿ ಹತ್ತು ಸೀಟು ಕೂರಿಸಿದರು. ಟಿಕೆಟ್ ಕೊಳ್ಳುವ ಮುಂಚೆಯೇ ಸಾಲಿಗೆ ಎಷ್ಟು ಸೀಟು ಎಂದು ನೋಡಿದರೆ ಒಂದು ಪೈಸೆ ಕೊಡದೆ ಅರ್ಧ ಮುಕ್ಕಾಲು ಅಂಗುಲ ಉಳಿಸಿಕೊಳ್ಳಬಹುದು. ಗಾಳಿಯ ವಿಷಯವೂ ಹಾಗೆಯೇ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಹಳೆಯ ಮಾದರಿಗಳಲ್ಲಿ ಅದು ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಇಳಿಯಬಹುದು, ಅಂದರೆ ಊಟಿಯ ದೊಡ್ಡಬೆಟ್ಟಕ್ಕಿಂತ ಕೊಂಚ ಕೆಳಗೆ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ಮಾದರಿಗಳಲ್ಲಿ ಸುಮಾರು 6,000 ಅಡಿ, ನಮ್ಮ ಮುಳ್ಳಯ್ಯನಗಿರಿಯ ತಲೆಯ ಹತ್ತಿರ. ಹತ್ತು ಗಂಟೆ ಮುಳ್ಳಯ್ಯನಗಿರಿಯಲ್ಲಿ ಕೂರುವುದಕ್ಕೂ ದೊಡ್ಡಬೆಟ್ಟದಲ್ಲಿ ಕೂರುವುದಕ್ಕೂ ವ್ಯತ್ಯಾಸ ಇದೆಯಲ್ಲ! ಈ ಗಾಳಿ ಮಾತ್ರ ಮುಂದಿನ ಸೀಟಿನ ಧನಿಕನಿಗೂ ಹಿಂದಿನ ಸೀಟಿನ ಮೇಷ್ಟ್ರಿಗೂ ಒಂದೇ.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ. ಎಕಾನಮಿಯಲ್ಲಿ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು ಪರಿಚಯದವರೊಬ್ಬರು ಹೇಳಿ ಹೋದರು. ‘ಎಕಾನಮಿ ಕ್ಲಾಸ್ ಸಿಂಡ್ರೋಮ್’ ಎಂಬ ಮಾತು 1988ರಲ್ಲೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಗಾಬರಿಯಿಂದ ನಮ್ಮ ವೈದ್ಯರಲ್ಲಿಗೆ ಹೋದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೆ ಆರೋಗ್ಯವಂತರಲ್ಲಿ ಎರಡು ಪಟ್ಟಾದ ಮೇಲೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ. ಬಸ್ಸು, ರೈಲು, ಕಾರಿನಲ್ಲಿ ಅಲ್ಲಾಡದೆ ಕೂತರೂ ಅಪಾಯ ಇದ್ದದ್ದೇ. ಅಮೆರಿಕದ ಎದೆರೋಗ ತಜ್ಞರ ಸಂಘ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೂ ಎಕಾನಮಿ ದರ್ಜೆಯೇ ಕಾರಣ ಎನ್ನಲು ಆಧಾರವಿಲ್ಲ ಎಂದು ಹೇಳಿಬಿಟ್ಟಿತು. ಅಪಾಯ ಹೆಚ್ಚುವುದು ಕಿಟಕಿ ಪಕ್ಕ ಸಿಕ್ಕಿಹಾಕಿಕೊಂಡು ಎದ್ದು ಓಡಾಡದೆ ಕೂತವರಿಗೆ.

ನನ್ನ ಲೆಕ್ಕವನ್ನು ತಿರುಗಿಸಿದ್ದು ಈ ಮಾತು. ನಾವೆಲ್ಲ ಆಸೆಪಟ್ಟು ದುಡ್ಡು ಕೊಟ್ಟು ಹಿಡಿಯುವುದು ಕಿಟಕಿಯನ್ನು. ಮೊಣಕಾಲಿನವರಿಗೆ ಬೇಕಾದದ್ದು ಓಡಾಡುವ ದಾರಿಯ ಪಕ್ಕದ ಸೀಟು. ಇಬ್ಬರನ್ನು ಎಬ್ಬಿಸಿ, ಕ್ಷಮೆ ಕೇಳಿ ಹೊರಬರಬೇಕಾದರೆ ನಮ್ಮ ಹೆಂಗಸರು ಏಳುವುದೇ ಇಲ್ಲ. ಏಳಬೇಕಾಗುತ್ತದೆಂದು ನೀರೂ ಕುಡಿಯುವುದಿಲ್ಲ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಧಾರಾಳ ಜಾಗವಿದೆ ನಿಜ, ಆದರೆ ಅಲ್ಲಿ ಕೂರುವವರು ಅಗತ್ಯ ಬಿದ್ದರೆ ಬಾಗಿಲು ತೆರೆದು ನೆರವಾಗುವಷ್ಟು ಗಟ್ಟಿಮುಟ್ಟಾಗಿರಬೇಕು. ಮೊಣಕಾಲು ನೋವಿನವರಿಗೆ ಅದು ಸಲ್ಲದು. ಗೋಡೆಯ ಎದುರಿನ ಮೊದಲ ಸಾಲಿನಲ್ಲಿ ಕೂಸಿನ ತೊಟ್ಟಿಲು ಸಿಕ್ಕಿಸುತ್ತಾರೆ. ಮಗು ಅಳುವುದು ಅದರ ಹಕ್ಕು, ದೂರುವಂತಿಲ್ಲ. ಕೊನೆಯ ಸಾಲಿನ ಸೀಟು ಎಷ್ಟೋ ವಿಮಾನಗಳಲ್ಲಿ ಹಿಂದಕ್ಕೆ ಬಾಗುವುದಿಲ್ಲ, ಪಕ್ಕದಲ್ಲೇ ಶೌಚಾಲಯದ ಸರತಿ ಸಾಲು ಬೇರೆ. ಹೀಗೆ ಕಳೆಯುತ್ತ ಹೋಗಿ, ನಡುಭಾಗದಲ್ಲಿ ದಾರಿ ಪಕ್ಕದ ಒಂದು ಸೀಟು, ಅದರ ಪಕ್ಕದ್ದು ಇನ್ನೊಂದು, ಎರಡೂ ಹಾರಾಟಗಳಿಗೆ ಇಬ್ಬರಿಗೂ ಸೇರಿ ಹನ್ನೊಂದು ಸಾವಿರ ಕೊಟ್ಟು ಕಾದಿರಿಸಿದೆ. ವೈದ್ಯರು ಅವಳಿಗೆ ಮೊಣಕಾಲಿನ ಕೆಳಗಿನವರೆಗೆ ಬರುವ ಬಿಗಿ ಕಾಲುಚೀಲ ಬರೆದುಕೊಟ್ಟರು. ಹಿಂದೆ ಹೆಪ್ಪುಗಟ್ಟಿದ್ದವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಬಸುರಿಯರು ವೈದ್ಯರನ್ನು ಕೇಳದೆ ಹೊರಡಬಾರದು ಎಂದೂ ಹೇಳಿದರು.

ಇನ್ನೊಂದು ವ್ಯವಸ್ಥೆ ಮಗ ಮಾಡಿದ್ದ. ವಿಮಾನ ನಿಲ್ದಾಣದ ಗಾಲಿಕುರ್ಚಿ. ಅವಳಿಗೆ ಇದು ಅವಮಾನವೆನಿಸಿತು. ‘ನಾನೇನು ರೋಗಿಷ್ಟೆಯೇ?’ ಎಂದು ಬೆಂಗಳೂರಿನ ಎರಡನೇ ಟರ್ಮಿನಲ್ಲಿನ ಬಾಗಿಲಲ್ಲಿ ನಿಂತುಬಿಟ್ಟಳು. ಬಿದಿರಿನ ಚಾವಣಿ, ತೂಗುವ ಬಳ್ಳಿಗಳು, ಒಳಗೇ ಹರಿಯುವ ನೀರು: ಉದ್ಯಾನದೊಳಗೊಂದು ನಿಲ್ದಾಣ ಎಂಬ ಕಲ್ಪನೆಯಲ್ಲಿ ಕಟ್ಟಿದ್ದಾರೆ. ಮದುವೆ ಚಪ್ಪರಕ್ಕೆ ಬಂದಂತಾಯಿತು ನಮಗೆ. ಕೊನೆಗೆ ಗಾಲಿಕುರ್ಚಿ ತಂದ ಹುಡುಗ ‘ಬನ್ನಿ ಅಮ್ಮಾ, ಗೇಟು ಬಹಳ ದೂರ ಇದೆ’ ಎಂದಾಗ ಕೂತಳು. ಆಮೇಲೆ ಫ್ರಾಂಕ್‌ಫರ್ಟಿನಲ್ಲಿ ಇಳಿದು ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ಉದ್ದ ನೋಡಿದಾಗ ಅವಳೇ ‘ಕುರ್ಚಿ ಎಲ್ಲಿ?’ ಎಂದು ಕೇಳಿದಳು. ಇದಕ್ಕೆ ನಾವು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಗಟ್ಟಿ ಕಾಲಿದ್ದವರೂ ಸರತಿ ತಪ್ಪಿಸಲು ಇದನ್ನು ಕೇಳುತ್ತಾರಂತೆ. ಅದರಿಂದ ನಿಜವಾಗಿ ನಡೆಯಲಾರದವರು ಕಾಯಬೇಕಾಗುತ್ತದೆ.

ನಮ್ಮ ವಿಮಾನ ಹೊರಟದ್ದು ಬೆಳಗಿನ ಜಾವ ಮೂರಕ್ಕೆ. ಶಿವಮೊಗ್ಗ ಬಿಟ್ಟದ್ದು ಹಿಂದಿನ ಮಧ್ಯಾಹ್ನ. ಹೀಗಾಗಿ ವಿಮಾನ ಹತ್ತುವಾಗಲೇ ಒಂದು ರಾತ್ರಿಯ ನಿದ್ದೆ ಹೋಗಿತ್ತು. ಅವಳು ಪ್ರತಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದಳು. ನಾನು ನಡುವಿನ ಸೀಟಿನಲ್ಲಿ, ಒಂದು ಕಡೆ ಅವಳು, ಇನ್ನೊಂದು ಕಡೆ ಗಾಢನಿದ್ರೆಯಲ್ಲಿದ್ದ ಯುವಕ, ಅವನ ತಲೆ ನನ್ನ ಹೆಗಲ ಮೇಲೆ. ಓದಲು ಜರ್ಮನಿಗೆ ಹೊರಟ ಹುಡುಗ. ಎಚ್ಚರಿಸಲು ಮನಸ್ಸಾಗಲಿಲ್ಲ. ನನ್ನ ಮಗನೂ 2022ರ ಆಗಸ್ಟಿನಲ್ಲಿ ಹೀಗೇ ಯಾರದೋ ಹೆಗಲ ಮೇಲೆ ಮಲಗಿಕೊಂಡು ಹೋಗಿರಬಹುದು.

ಫ್ರಾಂಕ್‌ಫರ್ಟಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು, ಹನ್ನೊಂದೂವರೆ ಗಂಟೆ ಹಾರಿ, ಅದೇ ದಿನ ಸಂಜೆ ನಾಲ್ಕೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದೆವು. ಎರಡು ಊರುಗಳ ಗಡಿಯಾರಕ್ಕೆ ಒಂಬತ್ತು ಗಂಟೆ ಅಂತರ. ಸೂರ್ಯ ನಮ್ಮ ಜೊತೆಗೇ ಪಡುವಣಕ್ಕೆ ಬಂದ, ಮುಳುಗಲೇ ಇಲ್ಲ. ಹಗಲಲ್ಲಿ ಹಾರುವ ಇಂಥ ಹಾದಿಯಲ್ಲಿ ಮಲಗುವ ಸೀಟಿಗೆ ದುಡ್ಡು ಸುರಿಯುವುದರಲ್ಲಿ ಅರ್ಥ ಕಡಿಮೆ ಎಂದು ಆಗ ಹೊಳೆಯಿತು. ದುಡ್ಡು ಕೊಡುವುದೇ ಆದರೆ ರಾತ್ರಿಯ ಭಾಗಕ್ಕೆ ಕೊಡಬೇಕು. ನನಗೆ ಬಂದ ಇ-ಮೇಲ್ ಸರಿಯಾಗಿ ರಾತ್ರಿಯ ಭಾಗವನ್ನೇ ಹಿಡಿದು ಕೇಳಿತ್ತು. ಮಾರುವವರಿಗೆ ಇದೆಲ್ಲ ನಮಗಿಂತ ಮೊದಲೇ ಗೊತ್ತು.

ಯುರೋಪಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ವಿಮಾನ ಮೊದಲು ಉತ್ತರಕ್ಕೆ ಏಕೆ ಹಾರುತ್ತದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಗೋಡೆಯ ನಕ್ಷೆ ಬಿಟ್ಟು ಗ್ಲೋಬಿನ ಮೇಲೆ ಎರಡು ಊರಿಗೂ ಬಿಗಿಯಾಗಿ ದಾರ ಎಳೆದು ನೋಡಿ, ಅದು ಗ್ರೀನ್‌ಲ್ಯಾಂಡ್ ಮೇಲೆ ಹಾದುಹೋಗುತ್ತದೆ. ಮೂವತ್ತು ವರ್ಷ ದಾರ ಎಳೆದು ತೋರಿಸಿದ್ದೆ, ಗ್ರೀನ್‌ಲ್ಯಾಂಡ್ ನೋಡಿರಲಿಲ್ಲ. ಕಿಟಕಿ ಬಿಟ್ಟುಕೊಟ್ಟಿದ್ದರಿಂದ ಆ ಆಸೆಯೂ ಹೋಯಿತು ಎಂದುಕೊಂಡಿದ್ದೆ. ಊಟವಾದ ಮೇಲೆ ಗಗನಸಖಿಯರು ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಅವಳನ್ನು ನಡೆಸಲೆಂದು ಹಿಂಭಾಗಕ್ಕೆ ಹೋದಾಗ ಬಾಗಿಲಿನಲ್ಲಿ ಒಂದು ಸಣ್ಣ ದುಂಡು ಕಿಟಕಿ ಕಂಡಿತು. ಬಗ್ಗಿ ನೋಡಿದೆ. ಕೆಳಗೆ ಕಡು ನೀಲಿ ಸಮುದ್ರದಲ್ಲಿ ಒಡೆದ ಹಪ್ಪಳದಂತೆ ತೇಲುವ ಹಿಮದ ಹಲಗೆಗಳು. ಅದರಾಚೆ ಹಿಮದ ಮೇಲೆ ತಲೆಯೆತ್ತಿದ ಕಪ್ಪು ಬೆಟ್ಟದ ತುದಿಗಳು. ಆಮೇಲೆ ಬರೀ ಬಿಳಿ. ದಾರಿಯಿಲ್ಲ, ಮರವಿಲ್ಲ, ಒಂದು ಹೊಗೆಯಿಲ್ಲ. ಅವಳನ್ನು ಕರೆದೆ. ಅವಳು ಬಾಗಿಲ ಹಿಡಿಕೆಗೆ ಕೈ ತಾಗದಂತೆ ಸೆರಗು ಎಳೆದುಕೊಂಡು ಬಗ್ಗಿ ಬಹಳ ಹೊತ್ತು ನೋಡಿದಳು. ‘ಇಷ್ಟೊಂದು ಜಾಗ ಖಾಲಿ ಬಿದ್ದಿದೆಯಲ್ಲ, ನಮ್ಮನ್ನು ಹೀಗೆ ಒತ್ತಿ ಕೂರಿಸಿದ್ದಾರಲ್ಲ’ ಎಂದಳು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಅವಳ ಪಾದ ಬಾತು ಚಪ್ಪಲಿಯೊಳಗೆ ಹೋಗಲಿಲ್ಲ. ಕಾಲುಚೀಲ ಬಿಗಿಯೆಂದು ಫ್ರಾಂಕ್‌ಫರ್ಟಿನಲ್ಲಿ ಬಿಚ್ಚಿ ಚೀಲಕ್ಕೆ ತುರುಕಿದ್ದಳು, ನನಗೆ ಹೇಳಿರಲಿಲ್ಲ. ಮಗ ಹೊರಗೆ ಕಾಯುತ್ತಿದ್ದ. ಎರಡು ವರ್ಷದ ಮೇಲೆ ನೋಡುತ್ತಿದ್ದೇವೆ. ಅವನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಪಾದವನ್ನು. ಆಮೇಲೆ ನನ್ನನ್ನು ನೋಡಿದ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಊತ ಎರಡು ದಿನದಲ್ಲಿ ಇಳಿಯಿತು, ಪರೀಕ್ಷೆಯಲ್ಲಿ ಅಪಾಯವೇನೂ ಕಾಣಲಿಲ್ಲ. ನಿದ್ದೆ ಸರಿಯಾಗಲು ಮಾತ್ರ ಹತ್ತು ದಿನ ಹಿಡಿಯಿತು. ಇಲ್ಲಿಗೂ ಅಲ್ಲಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಸರಿಯುತ್ತದೆ. ಯಾವ ದರ್ಜೆಯಲ್ಲಿ ಬಂದರೂ ಈ ಲೆಕ್ಕಕ್ಕೆ ರಿಯಾಯಿತಿ ಇಲ್ಲ.

ಸಮಾರಂಭದಲ್ಲಿ ಮಗನ ಹೆಸರು ಕೂಗಿ ಅವನು ವೇದಿಕೆ ದಾಟಲು ಹಿಡಿದದ್ದು ನಾಲ್ಕು ಸೆಕೆಂಡು. ಅದಕ್ಕೆ ಅವಳು ಅತ್ತದ್ದು ಅರ್ಧ ಗಂಟೆ.

ಸ್ಯಾನ್ ಹೋಸೆಯಲ್ಲಿ ಮಗ ಇನ್ನು ಮೂವರೊಡನೆ ಇದ್ದ ಮನೆಯಲ್ಲಿ ಒಂದು ರಾತ್ರಿ ಈ ಸೀಟಿನ ಮಾತು ಬಂತು. ಹುಡುಗರೆಲ್ಲ ನಕ್ಕರು. ಮೊದಲ ಬಾರಿ ಬರುವಾಗ ಯಾರೂ ಸೀಟಿಗೆಂದು ಹಣ ಕೊಟ್ಟಿರಲಿಲ್ಲ. ಕೊಟ್ಟದ್ದು ಹೆಚ್ಚುವರಿ ಪೆಟ್ಟಿಗೆಗೆ. ಇಪ್ಪತ್ತಮೂರು ಕಿಲೋದ ಎರಡು ಪೆಟ್ಟಿಗೆಯಲ್ಲಿ ಕುಕ್ಕರು, ಹುಳಿಪುಡಿ, ಚಟ್ನಿಪುಡಿ, ಹೊದಿಕೆ ಎಲ್ಲ ಹಿಡಿಯುವುದಿಲ್ಲವಲ್ಲ. ನನ್ನ ಮಗ ಹೇಳಿದ: ‘ಬಂದ ಮೊದಲ ವಾರ ನೆಲದ ಮೇಲೆ ಮಲಗಿದ್ದೆ ಅಪ್ಪ. ಆಮೇಲೆ ಹಾಸಿಗೆ ತಗೊಂಡೆ. ಎರಡು ವರ್ಷ ಅದರ ಮೇಲೇ ಮಲಗಿದೆ. ವಿಮಾನದಲ್ಲಿ ಒಂದು ರಾತ್ರಿಗೆ ಕೇಳಿದ ದುಡ್ಡಿಗೆ ಅಂಥ ಎರಡು ಹಾಸಿಗೆ ಬರ್ತಿತ್ತು.’ ನೆಲದ ಮೇಲೆ ಮಲಗಿದ ಸುದ್ದಿ ನಮಗೆ ಅದುವರೆಗೆ ಗೊತ್ತಿರಲಿಲ್ಲ. ಇಪ್ಪತ್ತೆರಡರ ಬೆನ್ನಿಗೆ ಮೂವತ್ತೊಂದು ಅಂಗುಲ ಸಾಕು. ಮೊದಲ ಸಲ ಹೊರಟ ಮಕ್ಕಳಿಗೆ ಪ್ರೀತಿಯಿಂದ ದೊಡ್ಡ ಸೀಟು ಕೊಡಿಸುವ ತಂದೆತಾಯಿಗಳು ಅದೇ ಹಣವನ್ನು ಅವರ ಕೈಗೆ ಕೊಟ್ಟರೆ ಅಲ್ಲಿ ಮೊದಲ ತಿಂಗಳು ಸುಸೂತ್ರವಾಗಿ ಸಾಗುತ್ತದೆ. ಅರವತ್ತರ ಮೊಣಕಾಲಿನ ಮಾತು ಬೇರೆ, ಅದನ್ನು ನಾನು ಕಣ್ಣಾರೆ ನೋಡಿಯಾಗಿತ್ತು.

ಹಿಂದಿರುಗಿದ್ದು ಜುಲೈಯಲ್ಲಿ. ಮಗನ ತೊಂಬತ್ತು ದಿನದಲ್ಲಿ ಇಪ್ಪತ್ತಾರು ಕಳೆದಿದ್ದವು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ತೂಗುತ್ತಿದ್ದ ಹೆಂಗಸು ಅವಳ ಗಾಲಿಕುರ್ಚಿ ನೋಡಿ, ಫ್ರಾಂಕ್‌ಫರ್ಟ್‌ವರೆಗೆ ಪ್ರೀಮಿಯಂ ಎಕಾನಮಿಯಲ್ಲಿ ಒಂದೇ ಒಂದು ಸೀಟು ಉಳಿದಿದೆ, 399 ಡಾಲರು ಎಂದಳು. ನಾನು ಮನಸ್ಸಿನಲ್ಲಿ ರೂಪಾಯಿಗೆ ಗುಣಿಸುತ್ತಿದ್ದೆ. ಗುಣಾಕಾರ ಮುಗಿಯುವ ಮೊದಲೇ ಮಗ ಕಾರ್ಡು ಮುಂದಕ್ಕೆ ಹಿಡಿದಿದ್ದ. ‘ಬೇಡ ಕಣೋ’ ಎಂದೆ. ‘ಒಂದೇ ಇರೋದು ಒಳ್ಳೇದಾಯ್ತಪ್ಪ. ಎರಡಕ್ಕೆ ಸಾಲ್ತಿರಲಿಲ್ಲ’ ಎಂದ.

ಅವಳು ಒಪ್ಪಲಿಲ್ಲ. ಭಾಷೆ ಬಾರದ ಕಡೆ ಒಬ್ಬಳೇ ಕೂರುವುದು ಹೇಗೆ, ಊಟದಲ್ಲಿ ಮೊಟ್ಟೆ ಇದ್ದರೆ ಯಾರನ್ನು ಕೇಳುವುದು, ನಿಮ್ಮ ಮಾತ್ರೆ ನನ್ನ ಚೀಲದಲ್ಲಿದೆ ಎಂದು ನೂರು ತಕರಾರು. ಕಟ್ಟಿದ ಹಣ ಹಿಂದೆ ಬರುವುದಿಲ್ಲ ಎಂದ ಮೇಲೆ ಸುಮ್ಮನಾದಳು. ಅವಳ ಕಾಲಿಗೆ ಬಿಗಿ ಚೀಲ ತೊಡಿಸಿ, ಈ ಸಲ ಬಿಚ್ಚಕೂಡದು ಎಂದು ಮಗ ಆಣೆ ಹಾಕಿಸಿಕೊಂಡ. ವಿಮಾನದಲ್ಲಿ ಅವಳನ್ನು ಮುಂದೆ ಬಿಟ್ಟು ನಾನು ಹಿಂದಕ್ಕೆ ಬಂದೆ. ನಡುವೆ ಒಂದು ಪರದೆ. ಅದು ತೆಳುವಾದ ಬಟ್ಟೆ, ಆದರೂ ಊಟವಾದ ಮೇಲೆ ಅದನ್ನು ಸರಿಸಿ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಮೂರು ಗಂಟೆ ಬಿಟ್ಟು ಎದ್ದು ಹೋಗಿ ಗಗನಸಖಿಯನ್ನು ಕೇಳಿದೆ. ಆಕೆ ಒಳಗೆ ಇಣುಕಿ ಬಂದು, ಎರಡು ಅಂಗೈ ಜೋಡಿಸಿ ಕೆನ್ನೆಗೆ ಆನಿಸಿ ತೋರಿಸಿದಳು. ನಾನು ದುಂಡು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಮೋಡ ಮುಚ್ಚಿತ್ತು.

ಫ್ರಾಂಕ್‌ಫರ್ಟಿನಲ್ಲಿ ಅವಳು ನನಗಿಂತ ಮೊದಲೇ ಇಳಿದು ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದಳು. ಚಪ್ಪಲಿ ಕಾಲಿನಲ್ಲೇ ಇತ್ತು. ‘ಐದು ಗಂಟೆ ಮಲಗಿಬಿಟ್ಟಿದ್ದೆ ಕಣ್ರೀ’ ಎಂದಳು, ತಪ್ಪು ಮಾಡಿದವರಂತೆ. ‘ಕಾಫಿ ಕೇಳೋರಿಲ್ಲ, ಬಾಗಿಲು ಬಡಿಯೋರಿಲ್ಲ. ಯಾರೂ ಎಬ್ಬಿಸಲೇ ಇಲ್ಲ.’ ಮದುವೆಯಾದಾಗಿನಿಂದ ಅವಳು ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು.

ಸ್ವಲ್ಪ ಹೊತ್ತಿನ ಮೇಲೆ ‘ಎಷ್ಟು ಕೊಟ್ಟ?’ ಎಂದು ಕೇಳಿದಳು. ‘ಇನ್ನೂರು ಡಾಲರ್ ಇರಬೇಕು’ ಎಂದೆ. ‘ನಿಜ ಹೇಳಿ’ ಎಂದಳು. ಹೇಳಿದೆ. ಬೆಂಗಳೂರಿನವರೆಗೆ ಮತ್ತೆ ಆ ಮಾತೆತ್ತಲಿಲ್ಲ, ಆ ಎಂಟೂವರೆ ಗಂಟೆ ನನ್ನ ಪಕ್ಕದಲ್ಲೇ ಕೂತು ಬಂದಳು.

ಮಗನಿಗೆ ಕೆಲಸ ಸಿಕ್ಕಿದ್ದು ಎಪ್ಪತ್ತೊಂದನೆಯ ದಿನ. ಅದಕ್ಕೂ ಮೊದಲೇ, ಊರಿಗೆ ಬಂದ ವಾರದಲ್ಲಿ, ಅವಳು ತನ್ನ ಉಳಿತಾಯ ಖಾತೆಯಿಂದ ಮೂವತ್ತಮೂರು ಸಾವಿರ ಚಿಲ್ಲರೆ ತೆಗೆದು ಅವನ ಓದಿನ ಸಾಲಕ್ಕೆ ಕಟ್ಟಿದ್ದಾಳೆ. ನನಗೆ ಹೇಳಿರಲಿಲ್ಲ. ವಿಮೆಯ ಕಾಗದ ಹುಡುಕುವಾಗ ಬ್ಯಾಂಕಿನ ಚಲನ್ ಬೀರುವಿನಲ್ಲಿ ಸಿಕ್ಕಿತು. ಅದಕ್ಕೆ ಒಂದು ಬೋರ್ಡಿಂಗ್ ಪಾಸಿನ ತುಂಡನ್ನು ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದಳು.